ಬಂಡಿಯೇರಿದ ಮಂದ್ರ

ಹಿರಣ್ಯಕೇಶಿ ನದಿಯಿಂದ ಘಟಪ್ರಭೆಯವರೆಗೆ ಹಬ್ಬಿರುವ ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ದೀಪಾವಳಿ ಕಳೆದು ಕಬ್ಬಿನ ಹಂಗಾಮು ಮೊದಲಾಯಿತೆಂದರೆ, ಇರುಳಿನ ಯಾವ ಜಾವದಲ್ಲಿ ಎಚ್ಚತ್ತು ಕಿವಿಗೊಟ್ಟರೂ ದೂರದ ದಾರಿಯಿಂದ ಗುಡುಗುವ ಲಯವೊಂದು ಕೇಳಿಬರುವುದು. ಎರಡು ಟ್ರೇಲಿಗಳ ತುಂಬ ಕಬ್ಬು ಹೇರಿಕೊಂಡು ಕಾರ್ಖಾನೆಯತ್ತ ನಿಧಾನವಾಗಿ ಸಾಗುವ ಟ್ರ್ಯಾಕ್ಟರಿನ ಮೇಲೆ ಕಟ್ಟಿದ ಟೇಪಿನ ಧ್ವನಿ ಅದು. ಹಾಡಿನ ಮಾತುಗಳು ನಾಲ್ಕು ಹೊಲಗಳ ಬದು ದಾಟುವಷ್ಟರಲ್ಲಿ ಚದುರಿಹೋಗಿರುತ್ತವೆ. ಹಾಡುವವರು ಗಂಡಸೋ ಹೆಂಗಸೋ ಎಂಬುದೂ ತಿಳಿಯದು. ಆದರೆ ಕೆಳಸ್ಥಾಯಿಯ ನಾದ ಮಾತ್ರ ಗೋಡೆಯನ್ನೂ ಮುಚ್ಚಿದ ಕದವನ್ನೂ ಲೆಕ್ಕಿಸದೆ ಒಳನುಗ್ಗಿ, ಮಲಗಿದವರ ಎದೆಗೂಡಿನಲ್ಲಿ ಮಿಡಿಯುತ್ತದೆ. ಇದನ್ನು ನಿನ್ನೆ ಮೊನ್ನೆ ಹುಟ್ಟಿದ ತರುಣರ ಹುಚ್ಚೆಂದು ತಳ್ಳಿಹಾಕುವವರಿದ್ದಾರೆ. ಆದರೆ ಬಂಡಿಯೊಳಗೆ ಆಂಪ್ಲಿಫೈಯರನ್ನೂ ಸಬ್‌ವೂಫರನ್ನೂ ಕೂಡಿಸುವ ಈ ಕಸಬಿನ ಒಂದು ಬೇರು ಬಯಲಾಟದ ಅಟ್ಟದಲ್ಲಿಯೂ ಇನ್ನೊಂದು ಬೇರು ಜಾತ್ರೆಯ ಮೈಕ್ ಸೆಟ್ಟಿನಲ್ಲಿಯೂ ಇಳಿದಿದೆಯೆಂದೂ, ಅದನ್ನು ಒಂದು ಕುಶಲವಿದ್ಯೆಯ ಚರಿತ್ರೆಯಾಗಿ ನೋಡಿದಲ್ಲದೆ ಇಂದಿನ ಗದ್ದಲವೂ ನಮಗೆ ಅರ್ಥವಾಗದೆಂದೂ ನಾನು ನಂಬಿದ್ದೇನೆ.

ಮಂದ್ರದ ಮೋಹ ಈ ನಾಡಿಗೆ ಯಂತ್ರದೊಡನೆ ಬಂದುದಲ್ಲ. ಗೋಕಾಕದ ಬಳಿ ಘಟಪ್ರಭೆಯು ಕುದುರೆಲಾಳದಾಕಾರದ ಬಂಡೆಯ ಅಂಚಿನಿಂದ 170 ಅಡಿ ಕೆಳಕ್ಕೆ ಧುಮುಕುವಾಗ, ಮಳೆಗಾಲದಲ್ಲಿ ಅದರ ಮೊರೆತ ಕಿವಿಗೆ ಕೇಳುವುದಕ್ಕಿಂತ ಮೊದಲು ಕಾಲಡಿಯ ಕಲ್ಲಿನಲ್ಲಿ ಅನುಭವಕ್ಕೆ ಬರುತ್ತದೆ. ಆ ನೀರಿನ ಬಲದಿಂದಲೇ ನೂಲಿನ ಗಿರಣಿಯೊಂದು 1887ರಷ್ಟು ಹಿಂದೆ ತಿರುಗತೊಡಗಿತೆಂಬುದನ್ನೂ ಇಲ್ಲಿ ನೆನೆಯಬಹುದು. ಜಲಪಾತದ ಮಾತು ಅಂತಿರಲಿ, ಮನುಷ್ಯರ ಕೈಯಲ್ಲಿ ಹುಟ್ಟುವ ನಾದದಲ್ಲಿಯೂ ಈ ಸೀಮೆಯವರು ಕೆಳಸ್ಥಾಯಿಗೇ ಮನ್ನಣೆಯಿತ್ತವರು. ಬೀರೇಶ್ವರನ ಗುಡಿಯ ಮುಂದೆ ಕುರುಬ ಸಮುದಾಯದವರು ಬಾರಿಸುವ ಡೊಳ್ಳು, ಮದುವೆ ಮೆರವಣಿಗೆಗಳಲ್ಲಿ ಶಹನಾಯಿಯ ಕೆಳಗೆ ನೆಲಗಟ್ಟಿನಂತೆ ನಿಲ್ಲುವ ಕರಡಿ ಮಜಲು, ಇವೆರಡರ ಮುಂದೆ ಒಮ್ಮೆ ನಿಂತವರಿಗೆ, ಚರ್ಮವಾದ್ಯದ ಪೆಟ್ಟು ಶರೀರಕ್ಕೆ ತಾಗುವುದೆಂದರೇನೆಂದು ವಿವರಿಸಿ ಹೇಳಬೇಕಾಗಿಲ್ಲ. ಶಾಸ್ತ್ರೀಯ ಸಂಗೀತದ ರಸಿಕನು ಸ್ವರದ ಸೂಕ್ಷ್ಮಕ್ಕೆ ಕಿವಿಗೊಡುತ್ತಾನೆ; ಜಾತ್ರೆಯ ರಸಿಕನಾದರೋ ತನ್ನ ಮೈಯನ್ನೇ ಕಿವಿಯಾಗಿ ಮಾಡಿಕೊಂಡಿರುತ್ತಾನೆ. ಇವರಲ್ಲಿ ಒಬ್ಬನನ್ನು ಮೇಲೆಂದೂ ಇನ್ನೊಬ್ಬನನ್ನು ಕೀಳೆಂದೂ ನಾನು ಎಣಿಸಲಾರೆ.

ಇನ್ನು ಬಯಲಾಟ. ಶ್ರೀಕೃಷ್ಣ ಪಾರಿಜಾತಕ್ಕೆ ಅದರ ಆಟದ ರೂಪವನ್ನು ಕೊಟ್ಟ ಕುಲಗೋಡ ತಮ್ಮಣ್ಣನ ಊರು ಇದೇ ಪ್ರಾಂತದ್ದು. ಅದೇ ಪಾರಿಜಾತವನ್ನು ಆಡಿ ಕೀರ್ತಿ ಪಡೆದ ನಿಂಗಮ್ಮನ ಕೌಜಲಗಿಯೂ ಇಲ್ಲಿಯದೇ. ಶಿವಮೂರ್ತಿಸ್ವಾಮಿ ಕಣಬರಗಿಮಠರು ಕಟ್ಟಿದ ನಾಟಕ ಕಂಪನಿಗೆ ಹೆಸರು ಕೊಟ್ಟ ಕೊಣ್ಣೂರು ಗೋಕಾಕದ ಮಗ್ಗುಲಲ್ಲಿದೆ. ಬಯಲಾಟವನ್ನು ಉಸಿರಾಗಿಸಿಕೊಂಡು ಆಧುನಿಕ ನಾಟಕಕ್ಕೆ ತಂದ ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ ಘೋಡಗೇರಿ ಹುಕ್ಕೇರಿ ತಾಲೂಕಿಗೆ ಸೇರಿದುದು. ಇಷ್ಟು ಸಣ್ಣ ವರ್ತುಳದೊಳಗೆ ಇಷ್ಟು ಆಟವೂ ಪಾಟವೂ ಒಟ್ಟುಗೂಡಿದ್ದರಿಂದ, ರಾತ್ರಿಯೆಲ್ಲ ಕುಳಿತು ಕೇಳುವ ಸಾವಿರ ಜನರ ಕೊನೆಯ ಸಾಲಿಗೆ ದನಿ ಮುಟ್ಟಿಸುವುದು ಹೇಗೆಂಬ ಪ್ರಶ್ನೆ ಇಲ್ಲಿ ಬಹು ಹಳೆಯದು. ಎಷ್ಟೋ ತಲೆಮಾರುಗಳ ಕಾಲ ಆ ಪ್ರಶ್ನೆಗೆ ಉತ್ತರ ಹಾಡುವವರ ಕಂಠವೊಂದೇ ಆಗಿತ್ತು. ಮೇಳದವರು ಏರು ಶ್ರುತಿಯಲ್ಲಿ ಹಾಡುತ್ತಿದ್ದುದಕ್ಕೆ ರುಚಿಯಷ್ಟೇ ದೂರವೂ ಕಾರಣ. ತಾರಸ್ಥಾಯಿಯ ದನಿ ಕಿವಿಗೆ ಬೇಗ ನಾಟುತ್ತದೆ, ಮಂದ್ರಸ್ಥಾಯಿಯದು ಬಯಲಿನಲ್ಲಿ ಕಂಠಕ್ಕೆ ನಿಲುಕದು. ಆದಕಾರಣ ಮಂದ್ರದ ಭಾರವನ್ನೆಲ್ಲ ಡೊಳ್ಳು ಕರಡಿಗಳೇ ಹೊರಬೇಕಾಯಿತು.

ಇಂದಿನ ರೂಪದ ಧ್ವನಿವರ್ಧಕವು ಲೋಕಕ್ಕೆ ಬಂದ ಕಾಲವನ್ನು ನಮ್ಮ ಜಿಲ್ಲೆಯ ಒಂದು ಘಟನೆಯಿಂದ ಗುರುತಿಟ್ಟುಕೊಳ್ಳುವುದು ಸುಲಭ. 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆಯಿತಷ್ಟೆ. ಅದರ ಮರುವರ್ಷ, 1925ರಲ್ಲಿ, ಅಮೆರಿಕೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು ಎಂಜಿನಿಯರರು, ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದನ್ನು ತೂಗಬಿಟ್ಟು ಅದಕ್ಕೆ ಕಾಗದದ ಶಂಕುವನ್ನು ಅಂಟಿಸಿ ಮಾಡಿದ ಸ್ಪೀಕರಿನ ವಿವರವನ್ನು ಪ್ರಕಟಿಸಿದರು. ಇಂದು ಕಾರಿನ ಡಿಕ್ಕಿಯಲ್ಲಿ ಕುಳಿತಿರುವ ಹನ್ನೆರಡು ಅಂಗುಲದ ಸಬ್‌ವೂಫರು, ಗಾತ್ರದಲ್ಲಿಯೂ ಬಲದಲ್ಲಿಯೂ ಬೆಳೆದಿದ್ದರೂ, ತತ್ತ್ವದಲ್ಲಿ ಅದೇ ಯಂತ್ರ. 1930ರಲ್ಲಿ ಪಾಲ್ ಗ್ಯಾಲ್ವಿನ್ ಎಂಬವನು ಮೋಟೊರೋಲಾ ಎಂಬ ಹೆಸರಿನಿಂದ ಕಾರಿಗೆ ರೇಡಿಯೋ ಮಾರತೊಡಗಿದನು. 1940ರಲ್ಲಿ ನಮ್ಮ ದೇಶದಲ್ಲಿ ಅಹುಜಾ ಸಂಸ್ಥೆ ಹುಟ್ಟಿತು, ಅದರ ಭೋಂಗಾ ಸ್ಪೀಕರುಗಳನ್ನು ಗುಡಿಯ ಶಿಖರದ ಮೇಲೆಯೋ ಎತ್ತಿನ ಬಂಡಿಯ ನೊಗದ ಮೇಲೆಯೋ ಕಾಣದ ಹಳ್ಳಿ ಮುಂದೆ ಉಳಿಯಲಿಲ್ಲ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಮೊದಲಾದ ಮೇಲೆ, ಅಂಥ ಯಂತ್ರಗಳಲ್ಲಿ ಕೇಳಲಿಕ್ಕೆ ಈ ಕಡೆಯ ಮಾತೂ ಹಾಡೂ ದೊರೆತವು.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ, ಏಕೆಂದರೆ ಬಂಡಿಯ ಆಂಪ್ಲಿಫೈಯರಿನ ಚರಿತ್ರೆಯ ಮರ್ಮವಿರುವುದು ಅದರಲ್ಲಿಯೇ. ಹಳ್ಳಿಗೆ ವಿದ್ಯುತ್ತು ಬರುವ ಮುಂಚೆ ಮೈಕ್ ಸೆಟ್ಟು ನಡೆಯುತ್ತಿದ್ದುದು ಬ್ಯಾಟರಿಯ ಮೇಲೆ. ಆದರೆ ಬ್ಯಾಟರಿ ಕೊಡುವುದು 6 ಅಥವಾ 12 ವೋಲ್ಟು. ಅಂದಿನ ಗಾಜಿನ ವಾಲ್ವುಗಳು ಕೇಳುತ್ತಿದ್ದುದಾದರೋ ಇನ್ನೂರಕ್ಕೂ ಮೇಲ್ಪಟ್ಟ ವೋಲ್ಟುಗಳನ್ನು. ಈ ಅಂತರವನ್ನು ದಾಟಿಸಲು ವೈಬ್ರೇಟರು ಎಂಬ ಸಣ್ಣ ಡಬ್ಬಿಯೊಂದು ಇರುತ್ತಿತ್ತು. ಅದರೊಳಗಿನ ಉಕ್ಕಿನ ನಾಲಗೆ ಸೆಕೆಂಡಿಗೆ ನೂರು ಬಾರಿಗೂ ಮಿಕ್ಕಿ ಅದುರುತ್ತ, ಬ್ಯಾಟರಿಯ ಏಕಮುಖ ಪ್ರವಾಹವನ್ನು ಕಡಿಕಡಿದು ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತಿತ್ತು. ಟ್ರಾನ್ಸ್‌ಫಾರ್ಮರು ಅದನ್ನು ಏರಿಸುತ್ತಿತ್ತು. ಅಂದಿನ ಕಾರಿನ ರೇಡಿಯೋದಲ್ಲಿಯೂ ಇದೇ ಉಪಾಯ. ಟ್ರಾನ್ಸಿಸ್ಟರು ಬಂದು ವಾಲ್ವುಗಳನ್ನು ಮೂಲೆಗೊತ್ತಿದಾಗ, 12 ವೋಲ್ಟಿನಲ್ಲಿಯೇ ಕೆಲಸ ನಡೆಯುವುದಲ್ಲವೇ ಎಂದು ವೈಬ್ರೇಟರನ್ನು ಲೋಕ ಮರೆಯಿತು. ಆದರೆ ಹೆಚ್ಚು ಬಲ ಬೇಕೆಂದೊಡನೆ ಹಳೆಯ ತೊಡಕೇ ಮರಳಿ ಎದುರು ನಿಂತಿತು: 12 ವೋಲ್ಟನ್ನು ಏರಿಸದೆ, 4 ಓಮಿನ ಸ್ಪೀಕರಿಗೆ ಎಷ್ಟೇ ಜಾಣತನದಿಂದ ಕೊಟ್ಟರೂ 18 ವ್ಯಾಟಿನ ಆಸುಪಾಸಿನಲ್ಲಿ ಗಡಿ ಬಂದುಬಿಡುತ್ತದೆ. ಅದರಾಚೆಗೆ ಹೋಗಲು ವೈಬ್ರೇಟರಿನ ಮಾರ್ಗವನ್ನೇ ಮತ್ತೆ ಹಿಡಿಯಬೇಕಾಯಿತು. ಇಂದಿನ ಕಾರಿನ ಆಂಪ್ಲಿಫೈಯರನ್ನು ಬಿಚ್ಚಿ ನೋಡಿದರೆ ಅದರ ಅರ್ಧದಷ್ಟು ಜಾಗವನ್ನು ಈ ಏರಿಸುವ ಏರ್ಪಾಡೇ ಆಕ್ರಮಿಸಿರುವುದು ಕಾಣುತ್ತದೆ. ಅದುರುವ ಉಕ್ಕಿನ ನಾಲಗೆಯ ಬದಲು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ತೆರೆದು ಮುಚ್ಚುವ ಟ್ರಾನ್ಸಿಸ್ಟರುಗಳು, ಭಾರವಾದ ಟ್ರಾನ್ಸ್‌ಫಾರ್ಮರಿನ ಬದಲು ಮುಷ್ಟಿಯೊಳಗೆ ಹಿಡಿಯಬಹುದಾದ ಬಳೆಯಾಕಾರದ ಸುರುಳಿ, ವ್ಯತ್ಯಾಸ ಇಷ್ಟೇ. ಜಾತ್ರೆಯ ಮೈಕಿನವನು ಬ್ಯಾಟರಿಯೊಡನೆ ಹೆಣಗಿದ ಹೆಣಗಾಟವನ್ನೇ ಅವನ ಮೊಮ್ಮಗನ ವಯಸ್ಸಿನ ಮಿಸ್ತ್ರಿ ಇಂದು ಕಾರಿನಲ್ಲಿ ಹೆಣಗುತ್ತಿದ್ದಾನೆ.

ನಿಡಸೋಸಿಯಂಥ ಊರಿನಲ್ಲಿ ಮೈಕ್ ಸೆಟ್ಟಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ಸಂಕೇಶ್ವರದಿಂದ ಕೂಗಳತೆಗೆ ತುಸು ಮಿಗಿಲಾದ ದೂರದಲ್ಲಿರುವ ಈ ಊರಿನ ದುರದುಂಡೀಶ್ವರ ಮಠ, ಅದರ ಮಹಾಶಿವರಾತ್ರಿಯ ದಾಸೋಹ, ಅಲ್ಲಿ ನೆರೆಯುವ ಭಕ್ತಸಮೂಹ, ಅವರೆಲ್ಲರಿಗೂ ಕೇಳಬೇಕಾದ ಪ್ರವಚನ, ಇವು ಧ್ವನಿವರ್ಧಕದ ಕಸಬಿಗೆ ಅನ್ನವನ್ನೂ ಗೌರವವನ್ನೂ ಕೂಡಿಯೇ ಕೊಟ್ಟವು. ಮಠದ ಅಂಗಳದಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು, ಕುಂಯ್ಯೆಂಬ ಸದ್ದು ಬರಕೂಡದು, ನಡುವೆ ದನಿ ನಿಲ್ಲಕೂಡದು. ಈ ಮೂರು ನಿಯಮಗಳಲ್ಲಿ ಪಳಗಿದ ಕೈ ಮುಂದೆ ಯಾವ ಬಂಡಿಯಲ್ಲಿಯೂ ತಂತಿಯೆಳೆಯಬಲ್ಲದು.

1969ರಲ್ಲಿ ಹುಕ್ಕೇರಿ ತಾಲೂಕಿನಲ್ಲಿ ಒಂದು ಮಹತ್ತರವಾದ ಸಂಗತಿ ನಡೆಯಿತು. ದೇಶದಲ್ಲಿ ಪ್ರಯೋಗಕ್ಕೆಂದು ಮೊಟ್ಟಮೊದಲು ಆರಿಸಿಕೊಂಡ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು ಹುಕ್ಕೇರಿಯಲ್ಲಿ ಸ್ಥಾಪಿತವಾಯಿತು. ಉಳಿದವು ಗುಜರಾತದ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಅಂದಿನ ಆಂಧ್ರದ ಸಿರಿಸಿಲ್ಲಾ ಮತ್ತು ಉತ್ತರಪ್ರದೇಶದ ಲಖನೌ. ವಿದ್ಯುತ್ತನ್ನು ರೈತರೇ ಸದಸ್ಯರಾಗಿ ಹಂಚಿಕೊಳ್ಳುವ ಈ ವ್ಯವಸ್ಥೆಯಿಂದ ಹೊಲಕ್ಕೆ ಪಂಪೂ ಮನೆಗೆ ದೀಪವೂ ಬಂದವೆಂಬುದನ್ನು ಎಲ್ಲರೂ ಬಲ್ಲರು; ರೇಡಿಯೋ ರಿಪೇರಿಯ ಅಂಗಡಿಯೂ ಬೆಸುಗೆಯ ಕಡ್ಡಿಯೂ ಅದರ ಬೆನ್ನಿಗೇ ಬಂದುವೆಂಬುದನ್ನು ಯಾರೂ ಬರೆದಿಟ್ಟಂತಿಲ್ಲ. ಬಂಡಿಗೆ ಟೇಪು ಕೂಡಿಸುವ ವಿದ್ಯೆ ಬೆಳೆದುದು ಅಂಥ ಅಂಗಡಿಗಳಲ್ಲಿ.

ನೀರು ಮೊದಲೇ ಬಂದಿತ್ತು. ಧೂಪದಾಳದ ಒಡ್ಡು 1897ರದು. ಬಳಿಕ ಹಿಡಕಲ್ಲಿನ ಜಲಾಶಯ. ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯೇ ಮೊದಲಾದವು, ಕಾರ್ಖಾನೆಗಳ ಹಿಂದೆ ಟ್ರ್ಯಾಕ್ಟರುಗಳು. ಕಬ್ಬು ಸಾಗಿಸುವವನ ದುಡಿಮೆಯನ್ನು ಕಣ್ಣಾರೆ ಕಂಡವರಿಗಲ್ಲದೆ ಟೇಪಿನ ಅವಶ್ಯಕತೆ ಅರ್ಥವಾಗದು. ಹಗಲೆಲ್ಲ ಕಡಿಯುವ ಗ್ಯಾಂಗಿನೊಡನೆ ಹೊಲದಲ್ಲಿ ನಿಂತು, ಹೇರಿದ ಬಂಡಿಯನ್ನು ಇರುಳಿನಲ್ಲಿ ನಡೆಸಿ, ಕಾರ್ಖಾನೆಯ ಯಾರ್ಡಿನ ಸರತಿಯಲ್ಲಿ ತನ್ನ ಪಾಳಿ ಬರುವವರೆಗೆ ಚಳಿಯಲ್ಲಿ ಕಾಯುವ ಆ ಮನುಷ್ಯನಿಗೆ ಮಾಡಿಲ್ಲ, ಬಾಗಿಲಿಲ್ಲ, ಒರಗಲು ಬೆನ್ನಾಸರೆಯೂ ಸರಿಯಾಗಿಲ್ಲ. ನಿದ್ರೆ ಹತ್ತಿದರೆ ಪ್ರಾಣವೇ ಪಣ. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಕ್ಯಾಸೆಟ್ಟು ಎಂಬತ್ತರ ದಶಕದಲ್ಲಿ ಅಗ್ಗವಾಗಿ ಹಳ್ಳಿಯ ಸಂತೆಗೂ ಇಳಿದಾಗ, ಅದರ ಮೇಲೆ ಮೊದಲು ಕೈಯಿಟ್ಟವರಲ್ಲಿ ಈ ಡ್ರೈವರರು ಸೇರಿದ್ದುದು ಸಹಜವೇ ಆಗಿದೆ. ಗೀಗೀ ಪದ, ಡೊಳ್ಳಿನ ಪದ, ಪಾರಿಜಾತ, ಕಂಪನಿ ನಾಟಕದ ಹಾಡು, ಬಳಿಕ ಇದೇ ಸೀಮೆಯ ಹುಡುಗರು ಕಟ್ಟಿ ಹಾಡಿದ ಜಾನಪದ ಧಾಟಿಯ ಹೊಸ ಹಾಡುಗಳು, ಎಲ್ಲವೂ ಮಡ್‌ಗಾರ್ಡಿನ ಮೇಲಿನ ಪೆಟ್ಟಿಗೆಯಿಂದ ಹೊಮ್ಮಿದವು. ಬಯಲಾಟವು ಅಟ್ಟದಿಂದಿಳಿದು ದಾರಿ ಹಿಡಿಯಿತೆಂದು ನಾನು ಹೇಳುವುದು ಈ ಅರ್ಥದಲ್ಲಿ.

ಆ ಮೊದಲ ಪೆಟ್ಟಿಗೆಗಳ ಹೃದಯದಲ್ಲಿ ಬಹುಮಟ್ಟಿಗೆ ಇದ್ದುದು ಜಪಾನಿನ ಸ್ಯಾನ್ಯೋ ಸಂಸ್ಥೆ ರೂಪಿಸಿದ 4440 ಎಂಬ ಅಂಕಿಯ ಐಸಿ. ಹದಿನಾಲ್ಕು ಕಾಲುಗಳ ಈ ಕಪ್ಪು ತುಂಡು ಎರಡು ಕಡೆಗೆ ತಲಾ 6 ವ್ಯಾಟನ್ನೋ, ಎರಡನ್ನೂ ಸೇತುವೆಯಾಗಿ ಜೋಡಿಸಿದರೆ 19 ವ್ಯಾಟನ್ನೋ ಕೊಡುತ್ತದೆ. 12 ವೋಲ್ಟಿನ ಗಡಿಯೆಂದು ಮೇಲೆ ಹೇಳಿದ ಲೆಕ್ಕಕ್ಕೆ ಇದೇ ಸಾಕ್ಷಿ. ಬೆಸುಗೆ ಹಾಕಲು ಬಲ್ಲ ಯಾವ ಹುಡುಗನೂ ಒಂದು ಮಧ್ಯಾಹ್ನದಲ್ಲಿ ಇದನ್ನು ಕಟ್ಟಬಹುದಾಗಿತ್ತು. ನಮ್ಮ ದೇಶದ ಎಷ್ಟು ಆಟೋ, ಟೆಂಪೋ, ಟ್ರ್ಯಾಕ್ಟರುಗಳು ಈ ಒಂದು ಐಸಿಯ ಬಾಯಿಂದ ಹಾಡಿದುವೋ ಲೆಕ್ಕವಿಟ್ಟವರಿಲ್ಲ. ಆದರೆ 19 ವ್ಯಾಟು ಬಯಲಿಗೆ ಏನೇನೂ ಅಲ್ಲ. ಅಂಗಡಿಯ ಮುಂದೆ ಬಂಡಿ ನಿಲ್ಲಿಸಿದ ಗಿರಾಕಿಯ ಮಾತು ಆಗಲೂ ಈಗಲೂ ಒಂದೇ: “ಮಿಸ್ತ್ರಿಯಾರ, ಹಾಡ ಯಾವುದರ ಇರಲ್ರಿ, ಬೇಸ್ ಮಾತ್ರ ಎದಿಗಿ ಬಡೀಬೇಕ ನೋಡ್ರಿ.”

ಎದೆಗೆ ಬಡಿಯುವುದು ಏಕೆ ಕಷ್ಟವೆಂಬುದನ್ನು ಪ್ರಕೃತಿಯ ನಿಯಮವೇ ಹೇಳುತ್ತದೆ. ಸ್ವರವು ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಗಟ್ಟಿಯಾಗಿ ಹೊಮ್ಮಲು ಸ್ಪೀಕರಿನ ಶಂಕು ನಾಲ್ಕು ಪಟ್ಟು ಗಾಳಿಯನ್ನು ನೂಕಬೇಕು. ಸಾಲದುದಕ್ಕೆ ಮನುಷ್ಯನ ಕಿವಿ ಕೆಳಸ್ಥಾಯಿಗೆ ಮಂದ, ಇದನ್ನು 1933ರಲ್ಲಿಯೇ ಫ್ಲೆಚರ್ ಮತ್ತು ಮನ್ಸನ್ ಎಂಬವರು ಅಳೆದು ತೋರಿಸಿದ್ದಾರೆ. ದನಿ ಇಮ್ಮಡಿಯಾದಂತೆ ತೋರಬೇಕಾದರೆ ವ್ಯಾಟು ಹತ್ತುಮಡಿಯಾಗಬೇಕು. ಇನ್ನೂ ಒಂದು ತೊಡಕುಂಟು. ಶಂಕು ಮುಂದಕ್ಕೆ ಗಾಳಿಯನ್ನು ಒತ್ತಿದ ಕ್ಷಣದಲ್ಲಿಯೇ ಹಿಂದೆ ಅದನ್ನು ಸೆಳೆಯುತ್ತದಷ್ಟೆ. 50 ಹರ್ಟ್ಸ್ ಸ್ವರದ ಅಲೆಯ ಉದ್ದ ಸುಮಾರು 7 ಮೀಟರು, ಇಷ್ಟು ಉದ್ದದ ಅಲೆಗೆ ಒಂದು ಅಡಿಯ ಶಂಕುವನ್ನು ಬಳಸಿ ಹಿಂದಕ್ಕೆ ಹರಿದುಹೋಗುವುದು ಯಾವ ಲೆಕ್ಕ! ಮುಂದಿನದೂ ಹಿಂದಿನದೂ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ಪೆಟ್ಟಿಗೆ ಬೇಕಾದುದು ಇದಕ್ಕಾಗಿ. 1954ರಲ್ಲಿ ಎಡ್ಗರ್ ವಿಲ್ಚರ್ ಮುಚ್ಚಿದ ಸಣ್ಣ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಾಗಿ ಬಳಸಿಕೊಂಡನು. ರಂಧ್ರವುಳ್ಳ ಪೆಟ್ಟಿಗೆಯ ಅಳತೆಯನ್ನು ಗಣಿತಕ್ಕೆ ತಂದವರು ಆಸ್ಟ್ರೇಲಿಯದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್. ನಮ್ಮ ಮಿಸ್ತ್ರಿಗಳು ಈ ಹೆಸರುಗಳನ್ನು ಕೇಳಿರಲಾರರು. ಆದರೆ ಯಾವ ಸ್ಪೀಕರಿಗೆ ಎಷ್ಟು ಅಗಲದ ಪೆಟ್ಟಿಗೆ, ಕೊಳವೆ ಎಷ್ಟು ಉದ್ದ, ಪ್ಲೈವುಡ್ಡು ಮುಕ್ಕಾಲು ಅಂಗುಲಕ್ಕಿಂತ ತೆಳುವಾದರೆ ಹಲಗೆಯೇ ಏಕೆ ಹಾಡತೊಡಗುತ್ತದೆ, ಇವನ್ನೆಲ್ಲ ಕಟ್ಟಿ, ಕೇಳಿ, ಕೆಡವಿ ಮತ್ತೆ ಕಟ್ಟಿ ಅರಿತವರನ್ನು ನಾನು ಕಂಡಿದ್ದೇನೆ, ಮತ್ತು ಆ ಅರಿವನ್ನು ವಿದ್ಯೆಯೆಂದೇ ಕರೆಯಬಯಸುತ್ತೇನೆ.

ಕಾರು ಈ ಕಸಬಿಗೆ ಬಂದುದು ತಡವಾಗಿ. ಕಾರಿಗೆಂದೇ ಪ್ರತ್ಯೇಕ ಆಂಪ್ಲಿಫೈಯರನ್ನು ಅಮೆರಿಕೆಯಲ್ಲಿ ಜಿಮ್ ಫಾಸ್ಗೇಟ್ 1973ರಲ್ಲಿಯೇ ಮಾಡಿದ್ದರೂ, ನಮ್ಮಲ್ಲಿ 1983ರ ಕೊನೆಗೆ ಮಾರುತಿ ಬಂದು, ಅದು ಸೆಕೆಂಡ್ ಹ್ಯಾಂಡಾಗಿ ತಾಲೂಕಿನ ಪೇಟೆಗಳನ್ನು ಮುಟ್ಟುವವರೆಗೆ ಹಳ್ಳಿಯ ಅಂಗಳದಲ್ಲಿ ಕಾರೆಂಬುದೇ ಅಪರೂಪ. ಟ್ರ್ಯಾಕ್ಟರಿನಲ್ಲಿ ಪಳಗಿದ ಮಿಸ್ತ್ರಿ ಮೊದಲ ಬಾರಿಗೆ ಕಾರಿನೊಳಗೆ ಪೆಟ್ಟಿಗೆಯಿಟ್ಟಾಗ ಬೆರಗಾಗಿರಬೇಕು. ಬಯಲಿನಲ್ಲಿ ನಾಲ್ಕು ಪೆಟ್ಟಿಗೆಗಳಿಂದ ಹೊರಡದಿದ್ದ ಗುಡುಗು ಇಲ್ಲಿ ಒಂದರಿಂದ ಹೊರಡುತ್ತದೆ. ಕಾರಣವಿಷ್ಟೇ: ಸಣ್ಣ ಕಾರಿನ ಒಳಗಣ ಉದ್ದ ಎರಡೂವರೆ ಮೀಟರಿನಷ್ಟು, ಅಲೆಯ ಅರ್ಧವು ಅದಕ್ಕಿಂತ ಉದ್ದವಾಗುವ ಸ್ವರಗಳಲ್ಲಿ, ಎಂದರೆ ಸುಮಾರು 70 ಹರ್ಟ್ಸಿಗಿಂತ ಕೆಳಗೆ, ದನಿ ಅಲೆಯಾಗಿ ಓಡುವುದನ್ನು ಬಿಟ್ಟು ಒಳಗಿನ ಗಾಳಿಯನ್ನೆಲ್ಲ ಒಟ್ಟಿಗೆ ಹಿಚುಕಿ ಸಡಿಲಿಸುತ್ತದೆ, ಸ್ವರ ಕೆಳಗಿಳಿದಷ್ಟೂ ಕಾರೇ ಅದಕ್ಕೆ ಬಲ ಕೂಡಿಸುತ್ತದೆ. ಟ್ರ್ಯಾಕ್ಟರಿಗೆ ಈ ಭಾಗ್ಯವಿಲ್ಲ. ಆಕಾಶವನ್ನೇ ತುಂಬಲು ಹೊರಟವನಿಗೆ ಎಷ್ಟು ವ್ಯಾಟು ಸಾಕು? ಪೆಟ್ಟಿಗೆ ಎರಡಿದ್ದುದು ನಾಲ್ಕಾಗಿ, ನಾಲ್ಕು ಎಂಟಾಗಿ, ಮಡ್‌ಗಾರ್ಡಿನಿಂದ ಮೇಲೆದ್ದು ಡ್ರೈವರನ ಬೆನ್ನ ಹಿಂದೆ ಗೋಡೆಯಾಗಿ ನಿಂತುದಕ್ಕೆ ಪೈಪೋಟಿಯಷ್ಟೇ ಈ ನಿಯಮವೂ ಕಾರಣವೆಂದು ಬಲ್ಲವರು ಕಡಿಮೆ.

ಜೋಡಣೆಯ ಕ್ರಮವನ್ನು ಬಲ್ಲ ಮಿಸ್ತ್ರಿಯ ಕೆಲಸವನ್ನು ನೋಡುವುದೇ ಒಂದು ಸಂತೋಷ. ಅವನು ಮೊದಲು ಲೆಕ್ಕ ಹಾಕುವುದು ಪ್ರವಾಹವನ್ನು. 500 ವ್ಯಾಟು ಹೊರಗೆ ಬರಬೇಕಾದರೆ 12 ವೋಲ್ಟಿನ ಬ್ಯಾಟರಿಯಿಂದ ನಲವತ್ತೆರಡು ಆಂಪಿಯರು ಬೇಕು, ಶಾಖವಾಗಿ ವ್ಯರ್ಥವಾಗುವುದನ್ನು ಸೇರಿಸಿದರೆ ಅರವತ್ತರ ಮೇಲೆ. ಹಳೆಯ ಟ್ರ್ಯಾಕ್ಟರಿನ ಆಲ್ಟರ್ನೇಟರು ತುಂಬಿ ಕೊಡುವುದು ಮೂವತ್ತೈದು ನಲವತ್ತು. ಆದ್ದರಿಂದಲೇ ಎರಡನೆಯ ಬ್ಯಾಟರಿ. ಬಳಿಕ ಹೆಬ್ಬೆರಳು ಗಾತ್ರದ ತಂತಿಯನ್ನು ಬ್ಯಾಟರಿಯಿಂದ ನೇರವಾಗಿ ಎಳೆದು, ಫ್ಯೂಜನ್ನು ಆಂಪ್ಲಿಫೈಯರಿನ ಬಳಿಯಲ್ಲಲ್ಲ, ಬ್ಯಾಟರಿಯ ಮಗ್ಗುಲಲ್ಲಿಯೇ ಕೂಡಿಸುತ್ತಾನೆ. ದಾರಿಯಲ್ಲಿ ಎಲ್ಲಿ ತಂತಿಯ ಮೈ ಸವೆದು ತಗಡಿಗೆ ತಾಗಿದರೂ ಬೆಂಕಿ ಹತ್ತಬಾರದೆಂದು. ಅರ್ಥಿಂಗಿನ ತಂತಿಯನ್ನು ಬಿಗಿಯುವ ಮುನ್ನ ಬಾಡಿಯ ಬಣ್ಣವನ್ನು ಹೊಳೆಯುವ ತಗಡು ಕಾಣುವವರೆಗೆ ಕೆರೆಯುತ್ತಾನೆ. ಹಾಡನ್ನು ಹೊತ್ತು ತರುವ ಸಣ್ಣ ತಂತಿ ಕಾರಿನ ಒಂದು ಮಗ್ಗುಲಲ್ಲಿ, ಬಲವನ್ನು ತರುವ ದೊಡ್ಡ ತಂತಿ ಇನ್ನೊಂದು ಮಗ್ಗುಲಲ್ಲಿ. ಇವೆರಡು ಜೊತೆಯಾಗಿ ಓಡಿದರೆ ಎಂಜಿನ್ನಿನ ವೇಗದೊಡನೆ ಏರಿಳಿಯುವ ಸಿಳ್ಳೊಂದು ಹಾಡಿನೊಳಗೆ ಸೇರಿಕೊಳ್ಳುತ್ತದೆ. ಕೊನೆಯದಾಗಿ ಗೇನಿನ ತಿರುಗುಣಿ. ಅದನ್ನು ದನಿ ಹೆಚ್ಚಿಸುವ ಕೀಲಿಯೆಂದು ತಿಳಿದು ತುದಿಗೆ ತಿರುಗಿಸುವವರೇ ಬಹಳ. ಆಂಪ್ಲಿಫೈಯರು ತನ್ನ ಶಕ್ತಿ ಮೀರಿ ಅಲೆಯ ನೆತ್ತಿಯನ್ನು ಚಪ್ಪಟೆಯಾಗಿ ಕತ್ತರಿಸತೊಡಗಿದಾಗ ಸುರುಳಿ ಕಾದು ಸುಡುತ್ತದೆ, ಸಾವಿರಾರು ರೂಪಾಯಿಯ ವೂಫರು ಒಂದು ಸಂಜೆಯಲ್ಲಿ ಮೂಕವಾಗುತ್ತದೆ.

ಊರಿನ ನಿದ್ರೆಯ ಮಾತನ್ನೂ ಆಡಲೇಬೇಕು. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳು ವಸತಿಯ ಪ್ರದೇಶಕ್ಕೆ ಹಗಲು 55, ಇರುಳು 45 ಡೆಸಿಬಲ್ಲುಗಳ ಮೇರೆಯನ್ನು ವಿಧಿಸಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರ ತೀರ್ಪಿನಲ್ಲಿ ದೃಢಪಡಿಸಿತು. ಹಂಗಾಮಿನಲ್ಲಿ ಪೊಲೀಸರು ಟ್ರ್ಯಾಕ್ಟರುಗಳನ್ನು ತಡೆದು ಪೆಟ್ಟಿಗೆಗಳನ್ನು ಕಳಚಿ ಒಯ್ಯುವುದು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಅಪರೂಪದ ಸುದ್ದಿಯಲ್ಲ. ಇದರಲ್ಲಿ ನ್ಯಾಯವಿದೆ. ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಹಾಸಿಗೆ ಹಿಡಿದವರಿದ್ದಾರೆ. ಅದಕ್ಕಿಂತ ಮಿಗಿಲಾಗಿ, ಬೆನ್ನ ಹಿಂದೆ ಗುಡುಗನ್ನಿಟ್ಟುಕೊಂಡು ಕುಳಿತ ಡ್ರೈವರನಿಗೆ ಹಿಂದಿನಿಂದ ಬರುವ ಬಸ್ಸಿನ ಹಾರ್ನು ಕೇಳಿಸದು, ಎರಡು ಟ್ರೇಲಿಗಳ ಆಚೆಗೆ ಅವನಿಗೆ ಕಾಣಿಸುವುದೂ ಇಲ್ಲ. ಬಯಲಾಟವೂ ರಾತ್ರಿಯಿಡೀ ನಡೆಯುತ್ತಿತ್ತೆಂದು ವಾದಿಸುವವರಿಗೆ ನನ್ನ ಉತ್ತರ, ಆ ಆಟಕ್ಕೆ ಊರೇ ಎಚ್ಚರವಿದ್ದು ಬಂದು ಕುಳಿತಿತ್ತೆಂಬುದು. ಆದರೆ ಪೆಟ್ಟಿಗೆಯನ್ನು ಜಪ್ತಿ ಮಾಡಿದವರು, ಆ ಮನುಷ್ಯನನ್ನು ಚಳಿಯ ಇರುಳಿನಲ್ಲಿ ಎಚ್ಚರವಿಡುವುದು ಇನ್ನಾವುದರಿಂದ ಎಂಬುದನ್ನೂ ಯೋಚಿಸಬೇಕಾಗಿತ್ತು.

ಬಂಡಿಗಳೂ ಈಗ ಬದಲಾಗುತ್ತಿವೆ. ಹೊಸ ಕಾರುಗಳಲ್ಲಿ ಡೆಕ್ಕು ಕಂಪನಿಯಿಂದಲೇ ಬಂದಿರುವುದರಿಂದ ಅದನ್ನು ಕೀಳದೆ, ಸ್ಪೀಕರಿನ ತಂತಿಯಿಂದಲೇ ಹಾಡನ್ನು ಕವಲೊಡೆಸಿ, ಸೀಟಿನ ಕೆಳಗೆ ಹುದುಗುವ ಚಪ್ಪಟೆ ಆಂಪ್ಲಿಫೈಯರಿಗೆ ಕೊಡುವುದು ಇಂದಿನ ವಾಡಿಕೆ. ಡಿ ವರ್ಗದ ಆಂಪ್ಲಿಫೈಯರುಗಳು ಶಾಖವಾಗಿ ಕಳೆಯುವುದು ಕಡಿಮೆಯಾದ್ದರಿಂದ ತಂತಿಯೂ ತೆಳುವಾಗಿದೆ. 1996ರಿಂದ ನಿಡಸೋಸಿಯಲ್ಲಿ ಹಿರಾಶುಗರ ತಾಂತ್ರಿಕ ಮಹಾವಿದ್ಯಾಲಯ ನಡೆದಿದೆ. ಥೀಲ್ ಮತ್ತು ಸ್ಮಾಲರ ಸೂತ್ರಗಳನ್ನು ಓದಬಲ್ಲ ಹುಡುಗರಿಗೂ ಅವನ್ನು ಓದದೆಯೇ ಪೆಟ್ಟಿಗೆ ಕಟ್ಟುವ ಮಿಸ್ತ್ರಿಗಳಿಗೂ ನಡುವೆ ಇರುವುದು ಕೆಲವೇ ಮೈಲಿಗಳ ದಾರಿ. ಟ್ರ್ಯಾಕ್ಟರುಗಳಿಗೂ ಗಾಜಿನ ಕದಗಳುಳ್ಳ ಮುಚ್ಚಿದ ಕ್ಯಾಬಿನ್ನು ಬರತೊಡಗಿದೆ. ಅಂಥದೊಂದು ಕ್ಯಾಬಿನ್ನಿನೊಳಗೆ, ಸೀಟಿನ ಹಿಂದೆ ಎಂಟು ಅಂಗುಲದ ವೂಫರನ್ನೂ ನೂರು ವ್ಯಾಟಿನ ಆಂಪ್ಲಿಫೈಯರನ್ನೂ ಕೂಡಿಸಿದರೆ, ಕಾರಿಗೆ ದೊರೆತ ಬಲವೇ ಡ್ರೈವರನಿಗೂ ದೊರೆತು, ಅವನ ಎದೆಗೆ ಬೇಕಾದಷ್ಟು ಮಂದ್ರವನ್ನು ಅವನ ಈಗಿನ ಆಲ್ಟರ್ನೇಟರೇ, ಎರಡನೆಯ ಬ್ಯಾಟರಿಯ ಹಂಗಿಲ್ಲದೆ, ಸಂಕೇಶ್ವರದ ಯಾರ್ಡಿನವರೆಗೂ ನಡೆಸಬಲ್ಲದು.